ನನ್ನ ಖಾತೆ ತೆರೆಯಲು ಪಕ್ಕದ ಮನೆಯವರ ಕಣ್ಣು ಯಾಕೆ ಬೇಕು?

ಗೆ,
ಕುಂದುಕೊರತೆ ಅಧಿಕಾರಿಗಳು,
ಭಾರತ ವಿಭಾಗ

ವಿಷಯ: ಕಣ್ಣು ಕಾಣದವರಿಗೆ ಲಾಗಿನ್ ಆಗಲು ದಾರಿ ಇಲ್ಲದಿರುವುದು ಮತ್ತು ಹೆಸರಿಲ್ಲದ ಬಟನ್‌ಗಳ ಬಗ್ಗೆ ದೂರು

ಮಾನ್ಯರೇ,

ನಾನು ಕಲಬುರಗಿಯ ಶಹಾಬಜಾರ್‌ನವನು. ಹುಟ್ಟಿನಿಂದ ನನಗೆ ಕಣ್ಣು ಕಾಣುವುದಿಲ್ಲ. ಏಳು ವರ್ಷದಿಂದ ನಿಮ್ಮ ಸಾಮಾಜಿಕ ಜಾಲತಾಣದಲ್ಲಿದ್ದೇನೆ. ನನ್ನ ಹೆಂಡತಿ ಮನೆಯಲ್ಲೇ ಕಡಕ್ ರೊಟ್ಟಿ, ಶೇಂಗಾ ಹಿಂಡಿ ಮಾಡುತ್ತಾಳೆ. ಆರ್ಡರ್ ಹಿಡಿಯುವುದು, ಗಿರಾಕಿಗಳ ಜೊತೆ ಮಾತಾಡುವುದು ನನ್ನ ಕೆಲಸ. ಅದೆಲ್ಲ ನಿಮ್ಮ ಆ್ಯಪ್‌ನಲ್ಲೇ. ಫೋನಿನ ಟಾಕ್‌ಬ್ಯಾಕ್ ಪರದೆಯನ್ನು ಓದಿ ಹೇಳುತ್ತದೆ, ಬೇಕಾದದ್ದು ಸಿಕ್ಕಾಗ ನಾನು ಎರಡು ಸಲ ತಟ್ಟುತ್ತೇನೆ. ಯಾರ ಹಂಗೂ ಇಲ್ಲದೆ ನಡೆದಿತ್ತು.

ಕಳೆದ ತಿಂಗಳು ಹೊಸ ಫೋನ್ ತಗೊಂಡೆ. ಲಾಗಿನ್ ಆಗಲು ಹೋದರೆ, ಪಾಸ್‌ವರ್ಡ್ ಸರಿಯಿದ್ದರೂ ನಾನು ಮನುಷ್ಯನೇ ಎಂದು ತೋರಿಸಬೇಕಂತೆ. ಒಂಬತ್ತು ಚೌಕ ಬಂದವು. ಒಂದೊಂದರ ಮೇಲೂ ಬೆರಳಾಡಿಸಿದೆ. ಒಂಬತ್ತು ಸಲವೂ ಟಾಕ್‌ಬ್ಯಾಕ್ ಹೇಳಿದ್ದು ಒಂದೇ ಮಾತು: 'ಇಮೇಜ್'. ಧ್ವನಿಯಲ್ಲಿ ಕೇಳುವ ಬಟನ್ ಇರಬಹುದೆಂದು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಹುಡುಕಿದೆ. ಇರಲಿಲ್ಲ. ಅಂದಾಜಿನಲ್ಲಿ ಮೂರು ಸಲ ಒತ್ತಿದ್ದಕ್ಕೆ ಖಾತೆಯೇ ಲಾಕ್ ಆಯಿತು.

ನಿಮ್ಮ ಸಹಾಯ ವಿಭಾಗಕ್ಕೆ ಬರೆದೆ. ಐದು ದಿನದ ಮೇಲೆ ಉತ್ತರ ಬಂತು: 'ಮನೆಯಲ್ಲಿ ಯಾರದಾದರೂ ಸಹಾಯ ಪಡೆಯಿರಿ.' ಜೊತೆಗೆ ಒಂದು ಸ್ಕ್ರೀನ್‌ಶಾಟ್.

ಮನೆಯಲ್ಲಿ ಇರುವುದು ನಾವಿಬ್ಬರೇ. ನನ್ನ ಹೆಂಡತಿಗೆ ಮಂದ ದೃಷ್ಟಿ. ರೊಟ್ಟಿ ಬೆಂದದ್ದು ಅವಳಿಗೆ ವಾಸನೆಯಲ್ಲೇ ಗೊತ್ತಾಗುತ್ತದೆ. ಆದರೆ ನಿಮ್ಮ ಮಸುಕು ಚಿತ್ರಗಳಲ್ಲಿ ಏನಿದೆ ಎಂದು ಗೊತ್ತಾಗಲಿಲ್ಲ. ಕೊನೆಗೆ ಪಕ್ಕದ ಮನೆಯ ಹುಡುಗನನ್ನು ಕರೆದೆ. ಟಾಕ್‌ಬ್ಯಾಕ್ ಆನ್ ಇದ್ದರೆ, ರೂಢಿಯಿಲ್ಲದ ಕಣ್ಣಿದ್ದವರಿಗೆ ಫೋನ್ ನಡೆಸುವುದು ಕಷ್ಟ. ಅದಕ್ಕೆ ಆಫ್ ಮಾಡಿ ಕೊಟ್ಟೆ. ನನ್ನ ಫೋನೇ ನನ್ನ ಪಾಲಿಗೆ ಮೂಕವಾಯಿತು.

'ಬಸ್ ಇರೋ ಫೋಟೋ ಒತ್ತು ಅಂತದ ಕಾಕಾ' ಎಂದ. ಒತ್ತಿದ. ಖಾತೆ ತೆರೆಯಿತು. ಮೇಲೇ ಇದ್ದ ಮೆಸೇಜನ್ನು, ನನಗೆ ಅನುಕೂಲವಾಗಲಿ ಎಂದು ಅವನೇ ಜೋರಾಗಿ ಓದತೊಡಗಿದ. ಅದು ಹುಮನಾಬಾದಿಗೆ ಕೊಟ್ಟಿರುವ ನನ್ನ ತಂಗಿಯದು. 'ಅಣ್ಣಾ, ನಿನಗೊಬ್ಬನಿಗೇ ಹೇಳ್ತೀನಿ' ಎಂದು ಶುರುವಾಗುತ್ತಿತ್ತು. ನಾನು ತಡೆಯುವ ಹೊತ್ತಿಗೆ ಅವಳ ಮನೆಯ ಕಷ್ಟ ಅರ್ಧ ಹೊರಬಿದ್ದಿತ್ತು. ಹುಡುಗನದು ತಪ್ಪಿಲ್ಲ. ಒಳ್ಳೆಯ ಮನಸ್ಸಿನಿಂದ ಬಂದವನು. ಆದರೆ ತಂಗಿಗೆ ನಾನೇನು ಹೇಳಲಿ? ಖಾತೆ ಭದ್ರವಾಗಿರಲಿ ಎಂದು ನೀವು ಇಟ್ಟ ಬಾಗಿಲು, ನನ್ನ ಗುಟ್ಟನ್ನೇ ಬೀದಿಗೆ ತಂದಿತು ಅಲ್ವಾ?

ಅದರ ಕೆಳಗೆ ಸೇಡಂನಿಂದ ಒಂದು ಆರ್ಡರ್ ಇತ್ತು. ಕುಬಸದ ಕಾರ್ಯಕ್ಕೆ 200 ಕಡಕ್ ರೊಟ್ಟಿ. ಕಾರ್ಯ ಮುಗಿದು ಎರಡು ದಿನವಾಗಿತ್ತು.

ಇನ್ನೊಂದು ಮಾತು. ಹೊಸ ಅಪ್‌ಡೇಟ್ ಆದ ಮೇಲೆ ಮೆಸೇಜ್ ಪುಟದ ಕೆಳಗಿನ ಸಾಲಿನಲ್ಲಿ ಐದು ಬಟನ್‌ಗೆ ಹೆಸರೇ ಇಲ್ಲ. ಬೆರಳಿಟ್ಟರೆ 'ಅನ್‌ಲೇಬಲ್ಡ್' ಎನ್ನುತ್ತದೆ. ಕಳುಹಿಸುವುದು ಯಾವುದು, ಕಾಲ್ ಮಾಡುವುದು ಯಾವುದು? ರಾತ್ರಿ ಹನ್ನೊಂದಕ್ಕೆ ಗಿರಾಕಿಯೊಬ್ಬರಿಗೆ ವಿಡಿಯೋ ಕಾಲ್ ಹೋಗಿಬಿಟ್ಟಿತು. ಬಟನ್‌ಗೆ ಹೆಸರು ಕೊಡುವುದು ನಿಮ್ಮ ಎಂಜಿನಿಯರ್‌ಗಳಿಗೆ ದೊಡ್ಡ ಕೆಲಸವಲ್ಲ. ಹಳೆಯ ಆವೃತ್ತಿಯಲ್ಲಿ ನೀವೇ ಕೊಟ್ಟಿದ್ದಿರಿ.

ನಾನು ಕೇಳುತ್ತಿರುವುದು ಹೊಸದೂ ಅಲ್ಲ, ಜಾಸ್ತಿಯೂ ಅಲ್ಲ. ಜಗತ್ತಿನ ವೆಬ್‌ಸೈಟ್‌ಗಳೆಲ್ಲ ಅಳತೆಗೋಲಾಗಿ ಇಟ್ಟುಕೊಳ್ಳುವ ಡಬ್ಲ್ಯೂಸಿಎಜಿ ಮಾರ್ಗಸೂಚಿ 2008ರಲ್ಲೇ ಹೇಳಿದೆ: ಚಿತ್ರದ ಕ್ಯಾಪ್ಚಾ, ಅಂದರೆ ಮನುಷ್ಯನೇ ಎಂದು ತೋರಿಸುವ ಇಂಥ ಪರೀಕ್ಷೆ, ಇಟ್ಟರೆ, ಕಿವಿಯಿಂದ ಬಿಡಿಸುವಂಥ ಬೇರೊಂದು ರೂಪವನ್ನೂ ಕೊಡಬೇಕು. ನಮ್ಮ ದೇಶದ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ, ಸೇವೆ ಕೊಡುವವರು ಅದನ್ನು ನಮ್ಮ ಕೈಗೂ ಎಟುಕುವಂತೆ ಮಾಡಬೇಕೆಂದು 46ನೇ ಕಲಮೇ ಇದೆ. ಬ್ಯಾಂಕ್ ಕೆವೈಸಿಗೆ, ಅಂದರೆ ಗುರುತಿನ ತಪಾಸಣೆಗೆ, ಕ್ಯಾಮೆರಾ ಮುಂದೆ ಕಣ್ಣು ಮಿಟುಕಿಸಿ ಎಂದರೆ ಆ್ಯಸಿಡ್ ದಾಳಿಗೆ ಒಳಗಾದವರು, ಕಣ್ಣಿಲ್ಲದವರು ಏನು ಮಾಡಬೇಕು ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿಗೇ ಹೋಗಿತ್ತು. ಡಿಜಿಟಲ್ ಸೇವೆ ಸಿಗುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಎಂದು ಕೋರ್ಟ್ 2025ರ ಏಪ್ರಿಲ್ 30ರಂದು ತೀರ್ಪು ಕೊಟ್ಟಿದೆ. ಅದು ಕೆವೈಸಿಯ ಮಾತು, ನಮಗಲ್ಲ ಎಂದು ದಯವಿಟ್ಟು ಬರೆಯಬೇಡಿ. ಅಲ್ಲಿ ಮಿಟುಕಿಸಲಾಗದ ಕಣ್ಣೂ ಇಲ್ಲಿ ಬಸ್ಸು ಕಾಣದ ಕಣ್ಣೂ ಒಂದೇ.

ಲಾಗಿನ್‌ಗೆ ಧ್ವನಿಯ ದಾರಿ ಕೊಡಿ, ಅದು ಕನ್ನಡದಲ್ಲೂ ಇರಲಿ. ಇಲ್ಲವೇ ಫೋನಿಗೆ ಬರುವ ಓಟಿಪಿಯೇ ಸಾಕು ಎಂದು ಮಾಡಿ, ಟಾಕ್‌ಬ್ಯಾಕ್ ಅದನ್ನು ಓದುತ್ತದೆ. ಐದು ಬಟನ್‌ಗೆ ಹೆಸರು ಹಾಕಿ. ಮುಂದಿನ ಅಪ್‌ಡೇಟ್ ಬಿಡುವ ಮುಂಚೆ ನಮ್ಮಂಥ ಕೆಲವರ ಕೈಗೆ ಕೊಟ್ಟು ನೋಡಿ. ಕರೆದರೆ ನಾನೇ ಬರುತ್ತೇನೆ.

2021ರ ಐಟಿ ನಿಯಮದ ಪ್ರಕಾರ ದೂರು ಬಂದ 24 ಗಂಟೆಯೊಳಗೆ ಸ್ವೀಕೃತಿ ಕೊಡಬೇಕು, ನಿಯಮ ಹೇಳಿದ ಅವಧಿಯೊಳಗೆ ಇತ್ಯರ್ಥ ಮಾಡಬೇಕು. ಕಾಯುತ್ತೇನೆ. ಉತ್ತರವನ್ನು ಮಾತ್ರ ಅಕ್ಷರದಲ್ಲೇ ಬರೆದು ಕಳುಹಿಸಿ. ಹೋದ ಸಲ ನೀವು ಕಳುಹಿಸಿದ ಸ್ಕ್ರೀನ್‌ಶಾಟ್‌ನಲ್ಲಿ ಏನಿದೆ ಎಂದು ನನಗೆ ಇನ್ನೂ ಗೊತ್ತಿಲ್ಲ.

ಇಂತಿ,
ನಿಮ್ಮ ಏಳು ವರ್ಷದ ಬಳಕೆದಾರ,
ಶಹಾಬಜಾರ್, ಕಲಬುರಗಿ