ಮಗಳಿಗೊಂದು ಪತ್ರ: ಕಡಲಿಗೆ ಬೆನ್ನು ಮಾಡಿ ನಿಂತವರು

ಪ್ರೀತಿಯ ಮಗಳೇ,

ಈಸ್ಟರ್ ದ್ವೀಪದ ರಾನೊ ರರಾಕು ಗುಡ್ಡದ ಇಳಿಜಾರಿನಲ್ಲಿ ಅಡ್ಡಾಡಿ ಈಗಷ್ಟೇ ಹಂಗಾ ರೋವಾ ಊರಿಗೆ ಮರಳಿದ್ದೇನೆ. ಕಾಲು ಸೋತಿದ್ದರೂ ನಿನಗೆ ಬರೆಯದೆ ಮಲಗಲು ಮನಸ್ಸಿಲ್ಲ.

ಈ ದ್ವೀಪದ ಮೊಆಯಿಗಳಲ್ಲಿ, ಅಂದರೆ ದೈತ್ಯ ಕಲ್ಲಿನ ಮೂರ್ತಿಗಳಲ್ಲಿ, ಬಹುಪಾಲು ಈ ಗುಡ್ಡದ ಕಲ್ಲಿನವೇ. ಜ್ವಾಲಾಮುಖಿಯ ಬೂದಿ ಗಟ್ಟಿಯಾಗಿ ಆದ ಕಲ್ಲು ಅದು. ಲೋಹವೇ ಇಲ್ಲದ ಜನ ಕರಿಗಲ್ಲಿನ ಉಳಿಗಳಿಂದ ಅದನ್ನು ಕೆತ್ತಿದರು. ಸುಮಾರು 400 ಮೂರ್ತಿಗಳು ಇನ್ನೂ ಇಲ್ಲೇ ಇವೆ. ಕೆಲವು ಭುಜದವರೆಗೆ ಮಣ್ಣಿನಲ್ಲಿ ಹೂತಿವೆ. ಚಿತ್ರಗಳಲ್ಲಿ ಬರೀ ತಲೆಗಳಂತೆ ಕಾಣುವುದು ಅದಕ್ಕೇ. ಒಂದಂತೂ 21 ಮೀಟರ್ ಉದ್ದ. ಅದು ಬಂಡೆಯಿಂದ ಬೇರ್ಪಡಲೇ ಇಲ್ಲ, ಅಂಗಾತ ಮಲಗಿದೆ. ಅದರ ಮುಂದೆ ನಾನು ಬಹಳ ಹೊತ್ತು ನಿಂತಿದ್ದೆ.

ಇವುಗಳನ್ನು ಸಾಗಿಸಿದ್ದು ಹೇಗೆ? ಮೊಆಯಿಗಳು ನಡೆದುಕೊಂಡೇ ಹೋದವು ಎನ್ನುತ್ತಾರೆ ಇಲ್ಲಿಯವರು. ಭಾರವಾದ ಬೀರುವನ್ನು ಒಮ್ಮೆ ಈ ಮೂಲೆ, ಒಮ್ಮೆ ಆ ಮೂಲೆ ತಿರುಗಿಸುತ್ತ ಸರಿಸುತ್ತೇವಲ್ಲ, ಹಾಗೆ. ನಾಲ್ಕು ಟನ್‌ಗೂ ಹೆಚ್ಚು ತೂಕದ ಪ್ರತಿಕೃತಿಯೊಂದನ್ನು 18 ಜನ ಬರೀ ಹಗ್ಗ ಹಿಡಿದು ಹೀಗೆ ನಡೆಸಿ ತೋರಿಸಿದ್ದಾರೆ.

ಮೂರ್ತಿಗಳ ಹುಚ್ಚಿನಲ್ಲಿ ಮರಗಳನ್ನೆಲ್ಲ ಕಡಿದು, ಹೊಡೆದಾಡಿ, ಈ ಜನ ತಾವೇ ನಾಶವಾದರು ಎಂಬ ಕಥೆಯನ್ನು ನೀನೂ ಕೇಳಿದ್ದೀಯ. ಆ ಕಥೆ ನನಗೆ ಸಿಟ್ಟು ತರಿಸುತ್ತದೆ. ತಾಳೆಯ ಕಾಡು ಅಳಿದದ್ದು ನಿಜ. ಆದರೆ 17ನೇ ಶತಮಾನದಲ್ಲಿ ಜನಸಂಖ್ಯೆ ಕುಸಿಯಿತು ಎಂಬ ಮಾತಿಗೆ ಆಧಾರವಿಲ್ಲವೆಂದು 2024ರಲ್ಲಿ ಪ್ರಕಟವಾದ ಡಿಎನ್‌ಎ ಅಧ್ಯಯನ ಹೇಳಿದೆ. ದೊಡ್ಡ ಅನಾಹುತ ಬಂದದ್ದು ಹೊರಗಿನಿಂದ. 1862ರಿಂದ ಪೆರುವಿನ ಗುಲಾಮ ವ್ಯಾಪಾರಿಗಳು ಇಲ್ಲಿಯ ಜನರನ್ನು ಹಿಡಿದೊಯ್ದರು. ಬದುಕಿ ಮರಳಿದ ಕೆಲವರೊಂದಿಗೆ ಸಿಡುಬು ಬಂತು. 1877ರ ಹೊತ್ತಿಗೆ ಉಳಿದವರು 111 ಮಂದಿ. ಆಮೇಲೆ ದ್ವೀಪವನ್ನು ಕುರಿ ಸಾಕಣೆಗೆ ಕೊಟ್ಟು, ಇವರನ್ನು ಹಂಗಾ ರೋವಾದೊಳಗೇ ಕೂಡಿಹಾಕಿದರು. ದ್ವೀಪ ಚಿಲಿ ದೇಶಕ್ಕೆ ಸೇರಿದ್ದರೂ ಇವರಿಗೆ ಅಲ್ಲಿಯ ಪೂರ್ಣ ಪೌರತ್ವ ಸಿಕ್ಕಿದ್ದು 1966ರಲ್ಲಿ! ಇಂದು ನನಗೆ ದಾರಿ ತೋರಿದ ಹುಡುಗಿ ಆ ಉಳಿದವರ ವಂಶದವಳು. 2022ರ ಬೆಂಕಿಯಲ್ಲಿ ಕಪ್ಪಾದ ಮೂರ್ತಿಗಳನ್ನು ತೋರಿಸುವಾಗ ಅವಳ ದನಿ ಮನೆಯ ಹಿರಿಯರ ಗಾಯದ ಬಗ್ಗೆ ಮಾತನಾಡುವವರ ದನಿಯಾಗಿತ್ತು.

ಇಲ್ಲಿಯ ಟೋಂಗಾರಿಕಿ ಎಂಬ ಜಾಗದಲ್ಲಿ 15 ಮೊಆಯಿಗಳು ಸಾಲಾಗಿ, ಕಡಲಿಗೆ ಬೆನ್ನು ಮಾಡಿ, ಹಳೆಯ ಊರಿದ್ದ ಕಡೆಗೆ ಮುಖ ಮಾಡಿ ನಿಂತಿವೆ. ಕಾಯಬೇಕಾದದ್ದು ತಮ್ಮ ಜನರನ್ನಲ್ಲವೇ! 1960ರ ಸುನಾಮಿ ಅವನ್ನು ಒಳನಾಡಿಗೆ ಎಸೆದಿತ್ತು. 1990ರ ದಶಕದಲ್ಲಿ ಜಪಾನಿನ ಕ್ರೇನ್ ಬಳಸಿ ಮತ್ತೆ ನಿಲ್ಲಿಸಿದರು.

ನೀನಿರುವ ಲಂಡನ್ನಿನಲ್ಲೂ ಒಂದು ಮೊಆಯಿ ಇದೆ, ಅದರ ಹೆಸರು ಹೋವಾ ಹಕನನಾಯಿಯಾ. 1868ರಲ್ಲಿ ಬ್ರಿಟಿಷ್ ನೌಕಾಪಡೆಯ ಹಡಗು ಅದನ್ನು ಈ ದ್ವೀಪದ ಒರೊಂಗೊ ಎಂಬಲ್ಲಿಂದ ಒಯ್ದಿತು. ಈಗ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. 2018ರಲ್ಲಿ ಇಲ್ಲಿಯವರು ಅಲ್ಲಿಗೇ ಹೋಗಿ ಅದನ್ನು ಮರಳಿ ಕೇಳಿದರು. ಕೊಡಲೇಬೇಕು ಎಂದು ನನಗೆ ಅನ್ನಿಸುತ್ತದೆ. ಅಲ್ಲಿರುವಾಗಲೇ ಒಮ್ಮೆ ಹೋಗಿ ನೋಡು. ಮುಖ ನೋಡಿ ಹೊರಟುಬಿಡಬೇಡ, ಹಿಂದಕ್ಕೂ ಹೋಗು. ಬೆನ್ನಿನ ಮೇಲೆ ಪಕ್ಷಿಮಾನವರ, ಅಂದರೆ ಹಕ್ಕಿಯ ತಲೆಯ ಮನುಷ್ಯರ, ಕೆತ್ತನೆಯಿದೆ. ನೋಡಿದ ಮೇಲೆ ಏನನ್ನಿಸಿತೆಂದು ನನಗೆ ಬರೆ.

ನಿನ್ನ ಅಮ್ಮ