ಬಾರದ ಪ್ಯಾನೆಲ್ಲು, ಬಾಕಿ ಬಿಲ್ಲು

ತೀರ್ಥಹಳ್ಳಿ ತಾಲೂಕು
27 ಜುಲೈ 2025

ಇವರಿಗೆ,
ವ್ಯವಸ್ಥಾಪಕರು,
ವಿದ್ಯುತ್ ಗುತ್ತಿಗೆ ಮತ್ತು ಜನರೇಟರ್ ಅಳವಡಿಕೆ ವಿಭಾಗ,
ಶಿವಮೊಗ್ಗ

ವಿಷಯ: ನಮ್ಮ ಮನೆಗೆ ಹಾಕಿಕೊಟ್ಟ 7.5 ಕೆವಿಎ ಜನರೇಟರ್, ಹಾಕಿಕೊಡದೆ ಬಿಟ್ಟ ಎಎಂಎಫ್ (ಜನರೇಟರನ್ನು ತಾನಾಗಿ ಶುರು ಮಾಡಿ ನಿಲ್ಲಿಸುವ) ಪ್ಯಾನೆಲ್ ಮತ್ತು ಮೊನ್ನೆ ಉಳಿದುಕೊಂಡ ಒಂದು ಜೀವದ ಬಗ್ಗೆ.

ಮಾನ್ಯರೇ,

ನಿನ್ನೆ ನಿಮ್ಮ ಕಚೇರಿಯಿಂದ ಒಂದು ಸಂದೇಶ ಬಂತು. ‘ಪ್ರಿಯ ಗ್ರಾಹಕರೇ, ನಿಮ್ಮ ಬಾಕಿ ಮೊತ್ತ 36,000 ರೂಪಾಯಿಗಳನ್ನು ಕೂಡಲೇ ಪಾವತಿಸಿ.’ ಕೊನೆಯಲ್ಲಿ ಕೈಮುಗಿದ ಚಿತ್ರವೂ ಇತ್ತು. ಅದಕ್ಕೂ ಹಿಂದಿನ ದಿನ ಬೆಳಿಗ್ಗೆ ನಮ್ಮೂರಿನ ಲೈನ್‌ಮ್ಯಾನ್ ನಮ್ಮ ಅಂಗಳದಲ್ಲಿ ನಿಂತು ನಡುಗುತ್ತಿದ್ದ. ಈ ಎರಡನ್ನೂ ಒಂದರ ಪಕ್ಕ ಒಂದು ಇಟ್ಟು ನೋಡಿದ ಮೇಲೆ ಪತ್ರ ಬರೆಯದೆ ಇರುವುದು ನನ್ನಿಂದ ಆಗಲಿಲ್ಲ. ಮಾರ್ಚಿನಿಂದ ಈವರೆಗೆ ನಾನು ಮಾಡಿದ ಫೋನುಗಳು ಹತ್ತೊಂಬತ್ತು. ತಾರೀಕು ಸಮೇತ ಬರೆದಿಟ್ಟಿದ್ದೇನೆ, ಅಧ್ಯಾಪಕಿಯಾಗಿದ್ದವಳ ಹಳೇ ಚಾಳಿ.

ನಮ್ಮ ಅತ್ತೆಯವರಿಗೆ 84. ರಾತ್ರಿ ಹೊತ್ತು ಆಕ್ಸಿಜನ್ ಕಾನ್ಸೆಂಟ್ರೇಟರ್ ಬೇಕು. ಮಲೆನಾಡಿನ ಮಳೆಗಾಲದಲ್ಲಿ ಒಂದು ಕೊಂಬೆ ಮುರಿದರೆ ಕರೆಂಟ್ ಎರಡು ದಿನ, ಮರವೇ ಬಿದ್ದರೆ ನಾಲ್ಕು ದಿನ ಇರುವುದಿಲ್ಲ. ಇನ್ವರ್ಟರಿನ 12 ವೋಲ್ಟಿನ 150 ಆಂಪಿಯರ್-ಅವರ್ ಬ್ಯಾಟರಿ ಲೆಕ್ಕಕ್ಕೆ 1,800 ವ್ಯಾಟ್-ಅವರ್. 350 ವ್ಯಾಟಿನ ಯಂತ್ರವನ್ನು ಅದು, ನಷ್ಟವೆಲ್ಲ ಕಳೆದು, ಮೂರೂವರೆ ಗಂಟೆ ಎಳೆದರೆ ಪುಣ್ಯ. ಅದಕ್ಕೇ ಜನರೇಟರ್ ಹಾಕಿಸಿದ್ದು. ಕರೆಂಟ್ ಹೋದ ಕೂಡಲೇ ತಾನಾಗಿ ಶುರುವಾಗಬೇಕು, ಬಂದ ಕೂಡಲೇ ತಾನಾಗಿ ನಿಲ್ಲಬೇಕು, ನಡುರಾತ್ರಿ ಯಾರೂ ಛತ್ರಿ ಹಿಡಿದು ಹೊರಗೆ ಹೋಗುವಂತಿರಬಾರದು ಎಂದು ಮೊದಲ ದಿನವೇ ಹೇಳಿದ್ದೆ. ನಿಮ್ಮ ಕೊಟೇಶನ್‌ನಲ್ಲಿ ಅದಕ್ಕೆ ಪ್ರತ್ಯೇಕ ಸಾಲೇ ಇದೆ: ‘ಎಎಂಎಫ್ ಪ್ಯಾನೆಲ್, ಇಂಟರ್‌ಲಾಕ್ ಸಹಿತ, 38,500.’ ಒಟ್ಟು 3,46,000ಕ್ಕೆ 3,10,000 ಕೊಟ್ಟಾಗಿದೆ. ಬಾರದ ಪ್ಯಾನೆಲ್ಲಿನ ಬೆಲೆ ನೀವು ಕೇಳುತ್ತಿರುವ ಬಾಕಿಗಿಂತ 2,500 ಹೆಚ್ಚು. ಅಂದರೆ ಲೆಕ್ಕ ಹಾಕಿದರೆ ಬಾಕಿ ಇರುವುದು ನಿಮ್ಮ ಕಡೆಯಿಂದ. ಈ ಕಳೆಯುವ ಲೆಕ್ಕವನ್ನು ಫೋನಿನಲ್ಲಿ ಮೂರು ಬಾರಿ ಹೇಳಿದೆ. ಮೂರು ಬಾರಿಯೂ ‘ಅಕೌಂಟ್ಸ್‌ನವರನ್ನ ಕೇಳಿ ಹೇಳ್ತೀವಿ’ ಎಂಬ ಉತ್ತರ ಬಂತು.

ಪ್ಯಾನೆಲ್ ಬರುವ ತನಕ ‘ಟೆಂಪರರಿ’ ಎಂದು ನಿಮ್ಮ ಹುಡುಗರು ಗೋಡೆಯ ಮೇಲೆ ಎರಡು ಎಂಸಿಬಿ ಸ್ವಿಚ್ಚುಗಳನ್ನು ಪಕ್ಕಪಕ್ಕ ಕೂರಿಸಿದರು. ಒಂದು ಮೇನ್ ಲೈನಿಗೆ, ಒಂದು ಜನರೇಟರಿಗೆ. ಎರಡೂ ಒಟ್ಟಿಗೆ ಆನ್ ಆಗದಂತೆ ತಡೆಯುವ ಇಂಟರ್‌ಲಾಕ್ ಏನೂ ಇಲ್ಲ. ತಡೆ ಎಂದು ಇದ್ದದ್ದು ಒಂದು ಕಾಗದದ ಚೀಟಿ: ‘ಫಸ್ಟ್ ಮೇನ್ ಆಫ್, ನೆಕ್ಸ್ಟ್ ಜನ್ರೇಟರ್ ಆನ್.’ ಮೇಲೊಂದು ಪಾರದರ್ಶಕ ಟೇಪು. ಜೂನ್ ಎರಡನೇ ವಾರದ ತೇವಕ್ಕೆ ಚೀಟಿ ಬಿಚ್ಚಿಕೊಂಡು ಬಿತ್ತು. ನಿಮ್ಮ ಸಂಸ್ಥೆಯ ಸುರಕ್ಷತಾ ವ್ಯವಸ್ಥೆ ಅಲ್ಲಿಗೆ ಮುಗಿಯಿತು.

ಮನೆಯ ಜನರೇಟರಿನ ಕರೆಂಟು ಸರಬರಾಜು ಲೈನಿಗೆ ಹಿಂದಕ್ಕೆ ಹರಿಯುವ ದಾರಿ ಇರಲೇಬಾರದು ಎಂಬುದನ್ನು ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ. ಜನರೇಟರಿನ ಲೋಹದ ಮೈಗೆ ಎರಡು ಪ್ರತ್ಯೇಕ ಆರ್ಥಿಂಗ್, ಅಂದರೆ ನೆಲಕ್ಕೆ ಸಂಪರ್ಕ, ಬೇಕು ಎಂಬುದೂ ನಿಮಗೆ ಗೊತ್ತು. ಗೊತ್ತಿರುವುದರಿಂದಲೇ ಬಿಲ್ಲಿನಲ್ಲಿ ‘ಆರ್ಥ್ ಪಿಟ್ ಎರಡು, 16,000’ ಎಂದು ಬರೆದಿದ್ದೀರಿ. ನಮ್ಮ ಹಿತ್ತಿಲಲ್ಲಿ ಗುಂಡಿ ಇರುವುದು ಒಂದೇ. ಅದರಲ್ಲಿ ಉಪ್ಪು, ಇದ್ದಿಲು ಎಲ್ಲ ಸರಿಯಾಗಿ ತುಂಬಿದ್ದಾರೆ, ಇಲ್ಲ ಎನ್ನುವುದಿಲ್ಲ. ಎರಡನೆಯದು ಎಲ್ಲಿ ಎಂದು ಕೇಳಿದರೆ ಹುಡುಗ ದಾಸವಾಳದ ಬುಡದಲ್ಲಿ ಸಿಕ್ಕಿಸಿದ್ದ ಮೊಳದುದ್ದದ ಸರಳು ತೋರಿಸಿದ. ಅದಕ್ಕೆ ನಮ್ಮ ಮನೆಯವರು ಆಮೇಲೆ ಬಟ್ಟೆ ಒಣಗಿಸುವ ಹಗ್ಗ ಕಟ್ಟಿದರು. ಅವರಿಗೂ ಅದು ಅದಕ್ಕೇ ಹುಗಿದದ್ದು ಅನ್ನಿಸಿರಬೇಕು.

ಕಾಮಗಾರಿ ಮುಗಿದ ವರದಿಯಲ್ಲಿ ಆರ್ಥ್ ರೆಸಿಸ್ಟೆನ್ಸ್ 1.2 ಓಮ್ ಎಂದಿದೆ. ಎರಡೂ ಪಿಟ್ಟಿಗೆ ಅದೇ ಅಂಕಿ. ಮೂರು ದಿನ ನಾನು ಅಲ್ಲೇ ಕುರ್ಚಿ ಹಾಕಿಕೊಂಡು ಕುಳಿತಿದ್ದೆ. ಆರ್ಥ್ ಟೆಸ್ಟರ್ ಎಂಬ ವಸ್ತು ನಮ್ಮ ಗೇಟು ದಾಟಿ ಒಳಗೆ ಬರಲಿಲ್ಲ. ವರದಿಗೆ ಸಹಿ ಹಾಕಿದ ಸೂಪರ್‌ವೈಸರ್ ಕೂಡ ಬರಲಿಲ್ಲ. ಮೂವತ್ತೊಂದು ವರ್ಷ ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿದವಳು ನಾನು. ಪ್ರಯೋಗ ಮಾಡದೆ ರೀಡಿಂಗ್ ಬರೆಯುವ ಹುಡುಗರು ಪ್ರತಿ ಬ್ಯಾಚಿನಲ್ಲೂ ಇಬ್ಬರು ಮೂವರು ಇರುತ್ತಿದ್ದರು. ಆದರೆ ಅವರು ಎರಡು ರೀಡಿಂಗ್ ಬರೆಯುವಾಗ ದಶಮಾಂಶದಲ್ಲಾದರೂ ಸ್ವಲ್ಪ ವ್ಯತ್ಯಾಸ ಮಾಡುತ್ತಿದ್ದರು. ಅಷ್ಟು ಮರ್ಯಾದೆ ಅವರಿಗಿತ್ತು.

ಹೊಗೆ ಕೊಳವೆಯನ್ನು ತಂದು ಬಿಟ್ಟಿರುವುದು ಅತ್ತೆಯವರ ಕೋಣೆಯ ಕಿಟಕಿಗೆ ನೇರವಾಗಿ. ಅವರ ಯಂತ್ರ ಉಸಿರೆಳೆದುಕೊಳ್ಳುವುದು ಅದೇ ಕೋಣೆಯ ಗಾಳಿಯಿಂದ. ಹೊಗೆಯಲ್ಲಿನ ವಿಷಾನಿಲ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣ ಇಲ್ಲ, ವಾಸನೆ ಇಲ್ಲ. ಈಗ ಜನರೇಟರ್ ಓಡುವಷ್ಟು ಹೊತ್ತೂ ಆ ಕಿಟಕಿ ಮುಚ್ಚಿ ಸಂದಿಗೆ ಹಳೇ ಸೀರೆ ತುರುಕುತ್ತೇವೆ. ಇನ್ನು ಕರೆಂಟ್ ಸೋರಿದರೆ ತಾನಾಗಿ ಕಡಿದುಹಾಕುವ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ, ನಾನೇ ಕೊಂಡು ಹಾಕಿಸಿದ್ದು, ‘ಪದೇ ಪದೇ ಟ್ರಿಪ್ ಆಗ್ತಿತ್ತು’ ಎಂದು ಬೈಪಾಸ್ ಮಾಡಿ ಹೋಗಿದ್ದಾರೆ. ಯಾಕೆ ಟ್ರಿಪ್ ಆಗುತ್ತದೆ ಎಂದು ನೋಡುವುದಕ್ಕಿಂತ ಅದು ಸುಲಭ. ನಾಯಿ ಬೊಗಳುತ್ತದೆ ಎಂದು ನಾಯಿಯನ್ನೇ ಊರಾಚೆ ಬಿಟ್ಟು ಬಂದ ಹಾಗೆ.

ಇದೆಲ್ಲ ಮುಖತಃ ಹೇಳೋಣ ಎಂದು ಜುಲೈ 7, ಸೋಮವಾರ, ಬಸ್ಸಿನಲ್ಲಿ ಶಿವಮೊಗ್ಗಕ್ಕೆ ಬಂದೆ. ಆ ದಿನ ನಿಮ್ಮ ಕಚೇರಿಯಲ್ಲಿ ನಡೆದದ್ದು ನಿಮಗೆ ಗೊತ್ತಿರಲಿಕ್ಕಿಲ್ಲ. ಗೊತ್ತಾಗಲಿ.

ಬಾಗಿಲಲ್ಲೇ ಛತ್ರಿ ಹೊರಗಿಡಲು ಹೇಳಿದರು, ಇಟ್ಟೆ. ಮೇಜಿನ ಹಿಂದಿದ್ದ ಯುವಕ ಫೋನಿನಿಂದ ತಲೆ ಎತ್ತದೆ, ‘ಮಿಕ್ಸಿ ರಿಪೇರಿನಾ ಅಮ್ಮಾ? ಅದು ಪಕ್ಕದ ಅಂಗಡಿ’ ಅಂದ. ನನ್ನ ಕೈಯಲ್ಲಿ ಚೀಲ ಇತ್ತು, ಒಪ್ಪುತ್ತೇನೆ. ಚೀಲದಲ್ಲಿ ಇದ್ದದ್ದು ನಿಮ್ಮದೇ ಬಿಲ್ಲಿನ ಫೈಲು. ವಿಷಯ ಹೇಳಿದೆ. ನೀರಿನ ಕ್ಯಾನಿನ ಪಕ್ಕ ಒಂದು ಪ್ಲಾಸ್ಟಿಕ್ ಕುರ್ಚಿ ತೋರಿಸಿದ. ಐವತ್ತು ನಿಮಿಷ ಕುಳಿತೆ. ಅಷ್ಟರಲ್ಲಿ ನನ್ನ ನಂತರ ಬಂದ ಇಬ್ಬರು ಗಂಡಸರು ಮಾತಾಡಿಕೊಂಡು ಹೋದರು. ಒಬ್ಬರಿಗೆ ಕಾಫಿ ಬಂತು. ನೀರು ಕುಡಿಯಲು ಬಂದವರೆಲ್ಲ ನನ್ನ ಮೊಣಕಾಲಿಗೆ ತಾಗಿಸಿಕೊಂಡೇ ಹೋದರು.

ಆಮೇಲೆ ‘ಟೆಕ್ನಿಕಲ್ ಇನ್‌ಚಾರ್ಜ್’ ಎಂಬವರು ಕರೆದರು. ಮೊದಲ ಪ್ರಶ್ನೆ: ‘ಯಜಮಾನ್ರು ಬಂದಿಲ್ವಾ?’

‘ಇಲ್ಲ. ನಾನು ಬಂದಿದ್ದೇನೆ.’

‘ಹಂಗಲ್ಲ ಮೇಡಂ, ಇದು ಸ್ವಲ್ಪ ಟೆಕ್ನಿಕಲ್ಲು.’

ಇಂಟರ್‌ಲಾಕ್ ಇಲ್ಲದ ವಿಷಯ ಹೇಳಿದೆ. ಜನರೇಟರ್ ಕಡೆ ಫೇಸ್ ಮಾತ್ರ ಬೇರೆಯಾಗಿದೆ, ಕರೆಂಟು ವಾಪಸು ಹೋಗುವ ನ್ಯೂಟ್ರಲ್ ತಂತಿ ಮೇನ್ ಲೈನಿನದರ ಜೊತೆ ಒಂದೇ ಆಗಿ ಉಳಿದಿದೆ, ಎರಡೂ ಒಟ್ಟಿಗೆ ಬೇರೆಯಾಗಬೇಕು ಎಂದೆ. ಅವರು ಮೇಜಿನ ಮೇಲಿದ್ದ ನಿಮ್ಮದೇ ಜಾಹೀರಾತಿನ ಚೀಟಿ ತಿರುವಿ ಹಾಕಿ, ಅದರ ಬೆನ್ನಿಗೆ ಒಂದು ಬಲ್ಬಿನ ಚಿತ್ರ ಬರೆದರು. ಎರಡು ಗೆರೆ ಎಳೆದರು. ‘ನೋಡಿ ಮೇಡಂ, ಇದು ಫೇಸು. ಇದ್ರಲ್ಲಿ ಕರೆಂಟು ಬರುತ್ತೆ. ಇದು ನ್ಯೂಟ್ರಲ್ಲು. ನ್ಯೂಟ್ರಲ್ ಅಂದ್ರೆ ಝೀರೋ. ಇದ್ರಲ್ಲಿ ಏನೂ ಇರಲ್ಲ. ಭಯ ಪಡ್ಬೇಡಿ.’ ಝೀರೋ ಎಂಬುದನ್ನು ಎರಡು ಸಲ ಸುತ್ತಿ ತೋರಿಸಿದರು.

‘ಏನೂ ಇಲ್ಲದಿದ್ದರೆ ಆ ತಂತಿಯನ್ನು ಕತ್ತರಿಸಿಬಿಡಿ. ಬಲ್ಬು ಉರಿಯುತ್ತದೆಯೇ ನೋಡೋಣ’ ಎಂದೆ.

ಅವರು ಪಕ್ಕದ ಮೇಜಿನವರ ಕಡೆ ತಿರುಗಿ, ‘ಮೇಡಂ ನಮಗೇ ಪರೀಕ್ಷೆ ಇಡ್ತಿದಾರೆ’ ಅಂದರು. ಆ ಮೇಜಿನಿಂದ ನಗು ಬಂತು. ಕುಡಿಯಲು ನೀರು ಹಿಡಿಯುತ್ತಿದ್ದ ಹುಡುಗನೂ ನಕ್ಕ. ನಂತರ ನನ್ನೆದುರೇ ನಮ್ಮ ಮನೆಯವರ ನಂಬರಿಗೆ ಫೋನು ಹಚ್ಚಿದರು. ಅರ್ಧ ನಿಮಿಷ ‘ಸಾರ್, ಸಾರ್’ ಎಂದು ಮಾತಾಡಿ ಇಟ್ಟು, ‘ಸಾರ್‌ಗೆ ಅರ್ಥ ಆಯ್ತು ಮೇಡಂ. ಏನೂ ತೊಂದ್ರೆ ಇಲ್ಲ ಅಂದ್ರು. ಬಾಕಿ ಒಂದು ಹಾಕ್ಬಿಡಿ, ಪ್ಯಾನೆಲ್ ಕಳಿಸ್ತೀವಿ’ ಎಂದರು.

ರಾತ್ರಿ ಮನೆಗೆ ಬಂದು ಕೇಳಿದೆ. ನಮ್ಮ ಮನೆಯವರು ಹೇಳಿದ್ದು ಇಷ್ಟಂತೆ: ‘ನಂಗೆ ಫ್ಯೂಸ್ ಹಾಕೂಕ್ಕೂ ಬರೂದಿಲ್ಲ ಮಾರಾಯ್ರೆ. ಅವ್ಳು ಕೇಳಿದ್ದಕ್ಕೆ ಉತ್ತರ ಹೇಳಿ.’

ಆ ಬಲ್ಬಿನ ಚಿತ್ರ ನನ್ನ ಹತ್ತಿರ ಇದೆ. ಬರುವಾಗ ಫೈಲಿನಲ್ಲಿಟ್ಟುಕೊಂಡು ಬಂದೆ.

ಇನ್ನು ಮೊನ್ನೆಯ ವಿಷಯ. ಜುಲೈ 24, ಭೀಮನ ಅಮಾವಾಸ್ಯೆ. ಸಂಜೆ ಗಾಳಿಗೆ ಹಲಸಿನ ಕೊಂಬೆ ಲೈನಿನ ಮೇಲೆ ಬಿತ್ತು, ತಂತಿ ತುಂಡಾಯಿತು. ಹನ್ನೊಂದರ ಹೊತ್ತಿಗೆ ಇನ್ವರ್ಟರ್ ಕೈಕೊಟ್ಟಿತು. ಅತ್ತೆಯವರ ಯಂತ್ರ ಕೂಗತೊಡಗಿತು. ನಾನು ಟಾರ್ಚು ಹಿಡಿದು ಓಡಿ ಜನರೇಟರ್ ಶುರು ಮಾಡಿ ಸ್ವಿಚ್ಚು ಎತ್ತಿದೆ. ಮೇನ್ ಆಫ್ ಮಾಡಲಿಲ್ಲ. ಮರೆತವಳು ನಾನೇ. ಬೇರೆ ಯಾರ ತಲೆಗೂ ಅದನ್ನು ಕಟ್ಟುವುದಿಲ್ಲ, ನಿಮ್ಮ ತಲೆಗೂ ಕಟ್ಟುವುದಿಲ್ಲ. ಆದರೆ ನಡುರಾತ್ರಿ ಗಾಬರಿಯಲ್ಲಿ ಮನುಷ್ಯರು ಮರೆಯುತ್ತಾರೆ ಎಂಬ ಕಾರಣಕ್ಕೇ ಅಲ್ಲವೇ ಸ್ವಾಮಿ, 38,500ರ ಪೆಟ್ಟಿಗೆ ಬೇಕಾಗಿದ್ದು?

ನಮ್ಮದು ಲೈನಿನ ಕೊನೇ ಮನೆ. ತುಂಡಾದ ಜಾಗದಿಂದ ಈಚೆಗೆ ನಮ್ಮದೊಂದೇ ಸಂಪರ್ಕ. ಬೇರೆ ನಾಲ್ಕು ಮನೆಗಳ ಹೊರೆ ಇದ್ದಿದ್ದರೆ ಜನರೇಟರ್ ಎಳೆಯಲಾರದೆ ಟ್ರಿಪ್ ಆಗುತ್ತಿತ್ತು, ನನಗೂ ಗೊತ್ತಾಗುತ್ತಿತ್ತು. ಇಲ್ಲಿ ಏನೂ ಗೊತ್ತಾಗಲಿಲ್ಲ. ರಾತ್ರಿಯಿಡೀ ಬೇಲಿಯ ಮೇಲೆ ತೂಗುತ್ತಿದ್ದ ತಂತಿಯಲ್ಲಿ ನಮ್ಮ ಜನರೇಟರಿನ 230 ವೋಲ್ಟ್ ಇತ್ತು. ಅದು ತೋಟಕ್ಕೆ ಹೋಗುವ ಕಾಲುದಾರಿ.

ಬೆಳಿಗ್ಗೆ ಆರೂವರೆಗೆ ಲೈನ್‌ಮ್ಯಾನ್ ಬಂದ. ಟ್ರಾನ್ಸ್‌ಫಾರ್ಮರಿನಲ್ಲಿ ಫ್ಯೂಸ್ ಕಿತ್ತಿಟ್ಟೇ ಬಂದಿದ್ದ. ಅವನ ಲೆಕ್ಕಕ್ಕೆ ಅದು ಸತ್ತ ತಂತಿ. ಆದರೂ ಅಭ್ಯಾಸಬಲದಿಂದ ಟೆಸ್ಟರ್ ಇಟ್ಟ. ದೀಪ ಹತ್ತಿತು. ಅಂಗಳಕ್ಕೆ ಬಂದು, ‘ಮೇಡಂ, ನಿಮ್ಮನೆ ಜನರೇಟರ್ ಓಡ್ತಾ ಉಂಟಾ?’ ಎಂದು ಕೇಳಿದ. ಬೈಯಲಿಲ್ಲ. ಕಾಫಿ ಕೊಟ್ಟೆ. ಲೋಟ ಹಿಡಿಯಲು ಅವನಿಗೆ ಎರಡೂ ಕೈ ಬೇಕಾಯಿತು. ಅವನ ಮಗಳು ನನ್ನ ಕೊನೆಯ ಬ್ಯಾಚಿನ ವಿದ್ಯಾರ್ಥಿನಿ.

ನಾನು ಸಿಟ್ಟು ಮಾಡಿಕೊಳ್ಳದೆ ಬರೆಯಬೇಕು ಎಂದುಕೊಂಡೇ ಕುಳಿತದ್ದು. ಸಾಧ್ಯವಾಗಿಲ್ಲ ಎಂದು ಕಾಣುತ್ತದೆ.

ಈ ಪತ್ರ ತಲುಪಿದ ಏಳು ದಿನಗಳೊಳಗೆ ಎಎಂಎಫ್ ಪ್ಯಾನೆಲ್ ಹಾಕಿಸಿ. ಎರಡನೇ ಪಿಟ್ ತೋಡಿಸಿ. ಹೊಗೆ ಕೊಳವೆಯನ್ನು ಸೂರಿನಿಂದ ಮೇಲಕ್ಕೆ ಒಯ್ಯಿಸಿ. ಆರ್‌ಸಿಸಿಬಿಯನ್ನು ಅದರ ಜಾಗಕ್ಕೆ ವಾಪಸು ತನ್ನಿ. ಪರ್ಮಿಟ್ ಇರುವ ಸೂಪರ್‌ವೈಸರ್ ಖುದ್ದಾಗಿ ಬಂದು, ಮೀಟರ್ ಇಟ್ಟು ಅಳೆದು, ಸಿಕ್ಕ ಅಂಕಿಯನ್ನೇ ಬರೆಯಲಿ. ಎಷ್ಟೇ ಬರಲಿ, ನಾನು ಅಂಕ ಕಳೆಯುವುದಿಲ್ಲ.

ಇದು ಆಗುತ್ತದೆ ಎಂಬ ನಂಬಿಕೆ ನನಗೆ ಇಲ್ಲ. ಹಾಗಾಗಿ ಮುಂದಿನದನ್ನೂ ಈಗಲೇ ಹೇಳಿಬಿಡುತ್ತೇನೆ. ನಿಮಗೆ ಗುತ್ತಿಗೆದಾರರ ಪರವಾನಗಿ ಕೊಟ್ಟಿರುವ ವಿದ್ಯುತ್ ಪರಿವೀಕ್ಷಣಾಲಯಕ್ಕೆ ಎರಡು ಎಂಸಿಬಿಗಳ ಫೋಟೋ, ದಾಸವಾಳದ ಬುಡದ ಫೋಟೋ ಮತ್ತು ನಿಮ್ಮ 1.2 ಓಮಿನ ವರದಿಯನ್ನು ಕಳಿಸುವ ಲಕೋಟೆ ಸಿದ್ಧವಿದೆ, ಅಂಚೆಚೀಟಿ ಮಾತ್ರ ಅಂಟಿಸಿಲ್ಲ. ಜಿಲ್ಲಾ ಗ್ರಾಹಕರ ಆಯೋಗದಲ್ಲಿ ಐದು ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕ ಇಲ್ಲ, ದೂರು ಕೊಡಲು ಎರಡು ವರ್ಷ ಸಮಯವಿದೆ, ವಕೀಲರೂ ಬೇಡ. ನಾನು ನಿವೃತ್ತಳು. ಸಮಯ ಎಂಬುದು ಈಗ ನನ್ನ ಹತ್ತಿರ ಬೇಕಾದಷ್ಟಿದೆ. ಮೂವತ್ತೊಂದು ವರ್ಷದ ವಿದ್ಯಾರ್ಥಿಗಳಲ್ಲಿ ಕೆಲವರು ನಮಗೆ ಕರೆಂಟ್ ಕೊಡುವ ಮೆಸ್ಕಾಂನಲ್ಲಿ ಇಂಜಿನಿಯರ್, ಕೆಲವರು ಶಿವಮೊಗ್ಗದ ಕೋರ್ಟಿನಲ್ಲಿ ವಕೀಲರು, ಒಬ್ಬ ನಿಮ್ಮದೇ ಬೀದಿಯಲ್ಲಿ ಜನರೇಟರ್ ಮಾರುತ್ತಾನೆ. ಅವರೆಲ್ಲರಿಗೂ ನ್ಯೂಟ್ರಲ್ ಅಂದರೆ ಏನು ಎಂದು ಗೊತ್ತು. ಬಲ್ಬಿನ ಚಿತ್ರವನ್ನು ಆಯೋಗದ ಮುಂದೆ ಸಾಕ್ಷ್ಯವಾಗಿ ಇಡುತ್ತೇನೆ. ಬರೆದವರು ಬಂದು ವಿವರಿಸಲಿ, ಯಜಮಾನರ ಹತ್ತಿರ ಅಲ್ಲ, ಅಧ್ಯಕ್ಷರ ಹತ್ತಿರ.

36,000 ನನ್ನ ಹತ್ತಿರವೇ ಇರುತ್ತದೆ. ಆ ಕೈಮುಗಿದ ಚಿತ್ರ ಇನ್ನೊಮ್ಮೆ ಕಳಿಸಬೇಡಿ.

ಇಂತಿ,
ನಿಮ್ಮ ಬಿಲ್ಲಿನಲ್ಲಿ ಗಂಡನ ಹೆಸರಿನ ಹಿಂದೆ ‘ಮಿಸೆಸ್’ ಎಂದು ಸೇರಿಸಿ ನಮೂದಾಗಿರುವ ಗ್ರಾಹಕಿ

ಪ್ರತಿ: ಮೆಸ್ಕಾಂ ಶಾಖಾಧಿಕಾರಿಗಳಿಗೆ, ಮಾಹಿತಿಗಾಗಿ.

ವಿ.ಸೂ.: ಉತ್ತರ ಬರೆಯುವುದಿದ್ದರೆ ನನ್ನ ಹೆಸರಿಗೆ ಬರೆಯಿರಿ. ನಮ್ಮ ಮನೆಯವರ ಫೋನಿಗೆ ಕರೆ ಮಾಡಿದರೆ ಅವರು ಅಡಿಕೆ ಧಾರಣೆ ಕೇಳುತ್ತಾರೆ, ಅಷ್ಟೇ.