ಅಳಿಯನಿಗೊಂದು ಕಾಗದ: ಏರ್ ಫಿಲ್ಟರ್ ನೀನೇ ಬದಲಿಸು

ನೀರ್ಚಾಲು

ಚಿರಂಜೀವಿ ಅಳಿಯನಿಗೆ ಮಾವನ ಆಶೀರ್ವಾದಗಳು.

ಪಿಕಪ್ ತೆಗೆದುಕೊಂಡ ಸುದ್ದಿ ನಿನ್ನ ಅಮ್ಮ ಹೇಳಿದಳು. ಕೆಂಪುಕಲ್ಲಿನ ಕೋರೆಯಿಂದ ಲೋಡು ಹೊಡೆಯುತ್ತೀಯಂತೆ. ಬಾಡಿಗೆ, ಕಂತು ಇತ್ಯಾದಿ ನನಗಿಂತ ನಿನಗೇ ಚೆನ್ನಾಗಿ ಗೊತ್ತು. ಇಂಜಿನಿಗೆ ಹೋಗುವ ಗಾಳಿಯನ್ನು ಸೋಸುವ ಏರ್ ಫಿಲ್ಟರ್ ಮಾತ್ರ ಇನ್ನು ಮುಂದೆ ನಿನ್ನ ಕೈಯಿಂದಲೇ ಬದಲಾಗಲಿ ಎಂದು ಈ ಕಾಗದ. ಗ್ಯಾರೇಜಿನವರಿಗೆ ಬರುವುದಿಲ್ಲವೆಂದಲ್ಲ. ಅಂಗಳದಲ್ಲಿ ಸಾಲಾಗಿ ಗಾಡಿ ನಿಂತಿರುವಾಗ ಹುಡುಗರು ಹಳೆಯದನ್ನು ಎಳೆದು, ಟಯರಿಗೆ ನಾಲ್ಕು ಬಡಿದು, ಕಂಪ್ರೆಸರಿನ ಗಾಳಿ ಹೊಡೆದು, ಅದನ್ನೇ ಪುನಃ ತುರುಕಿ ಮುಚ್ಚಳ ಹಾಕುತ್ತಾರೆ. ಅಷ್ಟು ಜೋರಿನ ಗಾಳಿಗೆ ಕಾಗದದ ಮಡಿಕೆ ಎಲ್ಲೋ ಸೂಕ್ಷ್ಮವಾಗಿ ಹರಿದರೆ ಕಣ್ಣಿಗೂ ಕಾಣದು.

ಲೆಕ್ಕ ಹಾಕಿ ನೋಡು. ಎರಡೂವರೆ ಲೀಟರಿನ ಡೀಸೆಲ್ ಇಂಜಿನು ಎರಡು ಸುತ್ತಿಗೊಮ್ಮೆ ತನ್ನ ಹೊಟ್ಟೆ ತುಂಬ ಗಾಳಿ ಎಳೆಯುತ್ತದೆ. ನಿಮಿಷಕ್ಕೆ 2000 ಸುತ್ತಿನಲ್ಲಿ ಓಡಿದರೆ ಸುಮಾರು 2500 ಲೀಟರ್ ಆಯಿತು, ಅಂದರೆ ಮನೆ ತಾರಸಿಯ ಸಾವಿರ ಲೀಟರಿನ ಟ್ಯಾಂಕಿ ಎರಡೂವರೆ. ಟರ್ಬೊ ಎಂಬ ಪಂಖ ಗಾಳಿಯನ್ನು ಒತ್ತಿ ತುಂಬುವಾಗ ಇನ್ನೂ ಹೆಚ್ಚು. ಕೋರೆಯಲ್ಲಿ ಯಂತ್ರದಿಂದ ಕಲ್ಲು ಕೊಯ್ಯುವಾಗ ಏಳುವ ಹುಡಿಯ ನಡುವೆ ಈ ಗಾಳಿ ಬರಬೇಕು. ನಮ್ಮ ಮುರಕಲ್ಲಿನ, ಅಂದರೆ ಈ ಕೆಂಪುಕಲ್ಲಿನ ಹುಡಿ ಕೈಗೆ ನುಣ್ಣಗೆ, ಆದರೆ ಅದರಲ್ಲಿ ಕಬ್ಬಿಣದ ಅಂಶದ ಜೊತೆ ಗಟ್ಟಿ ಮರಳಿನ ಕಣವೂ ಇರುತ್ತದೆ. ಅದು ಒಳಗೆ ಹೋದರೆ ಮೊದಲು ಟರ್ಬೊದ ರೆಕ್ಕೆ ತೇಯುತ್ತದೆ, ಆಮೇಲೆ ಸಿಲಿಂಡರಿನ ಒಳಗೋಡೆಯಾದ ಲೈನರು, ಪಿಸ್ಟನ್ ರಿಂಗು. ಇಂಜಿನು ಆಯಿಲ್ ಕುಡಿಯತೊಡಗಿದ ಮೇಲೆ ಹೊಸ ಫಿಲ್ಟರ್ ಹಾಕಿ ಪ್ರಯೋಜನವಿಲ್ಲ.

ಹಾಗೆಂದು ದಿನಾ ತೆಗೆದು ನೋಡಬೇಡ. ಇದನ್ನು ಹೇಳಿದರೆ ಯಾರೂ ನಂಬುವುದಿಲ್ಲ: ಸ್ವಲ್ಪ ಹುಡಿ ಹಿಡಿದ ಫಿಲ್ಟರ್ ಹೊಸದಕ್ಕಿಂತ ಚೆನ್ನಾಗಿ ಸೋಸುತ್ತದೆ. ಕಾಗದದ ಮೇಲೆ ಕೂತ ಪದರವೇ ಮುಂದಿನ ಸಣ್ಣ ಕಣವನ್ನು ತಡೆಯುತ್ತದೆ. ತೆಗೆದು ಹಾಕುವ ಹೊತ್ತಿನಲ್ಲಿಯೇ ಹುಡಿ ಒಳಗೆ ಬೀಳುವ ಭಯ ಹೆಚ್ಚು. ಗಾಡಿಯ ಪುಸ್ತಕದಲ್ಲಿ ಎಷ್ಟು ಕಿಲೋಮೀಟರ್ ಎಂದಿದೆ ನೋಡು, ಕೋರೆಯ ಓಟಕ್ಕೆ ಅದರ ಅರ್ಧಕ್ಕೇ ಬದಲಿಸು. ಮೈಲೇಜ್ ಇಳಿಯಲಿ ಎಂದು ಕಾಯಬೇಡ. ಲೋಡಿನಲ್ಲಿ ಏರು ಹತ್ತುವಾಗ ಎಳೆತ ಕಡಿಮೆಯಾಗಿ ಕಪ್ಪು ಹೊಗೆ ಬಂದರೆ ಆಗಲೇ ತಡವಾಗಿದೆ.

ಅಂಗಡಿಗೆ ಹೋಗುವಾಗ ಆರ್‌ಸಿ ಹಿಡಿದುಕೊ. 2020ರ ಏಪ್ರಿಲಿನಲ್ಲಿ ಬಿಎಸ್ 6 ಎಂಬ ಹೊಗೆಯ ನಿಯಮ ಕಡ್ಡಾಯವಾಯಿತು. ಹೆಸರು ಒಂದೇ ಇದ್ದರೂ ಅದಕ್ಕೆ ಹಿಂದಿನ ಗಾಡಿಯ ಫಿಲ್ಟರಿನ ಅಳತೆ ಬೇರೆ ಇರಬಹುದು. ಒರಿಜಿನಲ್ಲೇ ತೆಗೆದುಕೊ. ಸದ್ದು ಬರಲಿ ಎಂದು ಪೆಟ್ಟಿಗೆಯಿಲ್ಲದ ಬೋಳು ಕೋನ್ ಫಿಲ್ಟರ್ ಹಾಕುವ ಪೋಕರಿಗಳ ಮಾತು ಕೇಳಬೇಡ, ಕಲ್ಲು ಹೊರುವ ಗಾಡಿಗೆ ಸದ್ದು ಯಾಕೆ?

ಕೋರೆಯಲ್ಲಿ ಅಲ್ಲ, ಮನೆಯ ಅಂಗಳದಲ್ಲಿ, ಗಾಳಿ ಇಲ್ಲದ ಬೆಳಗ್ಗೆ, ಇಂಜಿನು ತಣ್ಣಗಿರುವಾಗ ಕೂರು. ಕೀ ತೆಗೆದಿಡು. ಫಿಲ್ಟರಿನ ಪೆಟ್ಟಿಗೆ ಬಿಚ್ಚುವ ಮೊದಲು ಅದರ ಹೊರಮೈಯನ್ನು ಒದ್ದೆಬಟ್ಟೆಯಿಂದ ಒರೆಸು. ಹೆಚ್ಚಿನವರು ಬಿಡುವುದು ಇದನ್ನೇ, ಮುಚ್ಚಳದ ಮೇಲಿನ ಹುಡಿ ಎತ್ತಿದ ಕೂಡಲೇ ಒಳಗೆ ಸುರಿಯುತ್ತದೆ. ಕ್ಲಿಪ್ಪೋ ಸ್ಕ್ರೂವೋ ಬಿಚ್ಚಿ ಮುಚ್ಚಳ ಎತ್ತು, ವಯರಿನ ಸೆನ್ಸರ್ ಇದ್ದರೆ ಜಗ್ಗಬೇಡ. ಹಳೆಯದನ್ನು ಕುಲುಕದೆ ಹೊರತೆಗೆ. ಇಂಜಿನಿಗೆ ಹೋಗುವ ಪೈಪಿನ ಬಾಯಿಗೆ ಒಣ ಬಟ್ಟೆ ತುಂಬಿ, ಒದ್ದೆಬಟ್ಟೆಯಿಂದ ಪೆಟ್ಟಿಗೆಯ ಒಳಗೆ ಒರೆಸು. ಊದಬೇಡ. ಕೆಲವೊಮ್ಮೆ ಅಲ್ಲಿ ಅಡಿಕೆ ಸಿಪ್ಪೆ, ತರಗೆಲೆ ಸಿಗುತ್ತದೆ, ಇಲಿಯ ಸಂಸಾರ. ಹಾಗಿದ್ದರೆ ಪೈಪನ್ನೂ ಕಡಿದಿದೆಯೋ ನೋಡು.

ಆ ಬಟ್ಟೆ ತೆಗೆದು ಪೈಪಿನ ಒಳಗೆ ಬೆರಳಾಡಿಸು. ಕೆಂಪು ಹುಡಿ ಹತ್ತಿದರೆ ಸೋರಿಕೆ ಇದೆ: ಸೀಲು ಸರಿ ಕೂತಿಲ್ಲ, ಅಥವಾ ಹೋಸು ಸೀಳಿದೆ, ಕ್ಲಾಂಪು ಸಡಿಲ. ಅದನ್ನು ಸರಿಮಾಡದೆ ಹೊಸದು ಹಾಕಬೇಡ. ಪೈಪಿಗೆ ತುಂಬಿದ ಬಟ್ಟೆ ತೆಗೆಯಲು ಮರೆಯಬೇಡ, ಈ ಒಂದು ಮಾತನ್ನು ಎರಡು ಸಲ ಓದು. ಹೊಸ ಫಿಲ್ಟರಿನ ರಬ್ಬರ್ ಅಂಚು ಸುತ್ತಲೂ ಪೆಟ್ಟಿಗೆಯ ಕಚ್ಚಿನಲ್ಲಿ ಕೂತಿದೆಯೇ ಎಂದು ಕೈಯಿಂದ ಮುಟ್ಟಿಯೇ ತಿಳಿದುಕೊ. ಸುಲಭದಲ್ಲಿ ಬೀಳದ ಕ್ಲಿಪ್ಪನ್ನು ಗುದ್ದಿ ಹಾಕಬೇಡ, ಒಳಗೆ ಏನೋ ಓರೆಯಾಗಿದೆ ಎಂದರ್ಥ. ಬದಲಿಸಿದ ದಿನದ ಕಿಲೋಮೀಟರನ್ನು ಮುಚ್ಚಳದ ಮೇಲೆ ಮಾರ್ಕರಿನಿಂದ ಬರೆದಿಡು.

ಮಳೆಗಾಲದಲ್ಲಿ ಹುಡಿಯ ತೊಂದರೆ ಕಡಿಮೆ, ನೀರಿನದು ಉಂಟು. ಗಾಳಿ ಎಳೆಯುವ ಬಾಯಿ ಗಾಡಿಯಲ್ಲಿ ಎಷ್ಟು ಎತ್ತರದಲ್ಲಿದೆ ಎಂದು ಈಗಲೇ ನೋಡಿಟ್ಟುಕೊ, ಅದಕ್ಕಿಂತ ಬಹಳ ಕೆಳಗಿನ ನೀರಾದರೆ ಮಾತ್ರ ತೋಡು ದಾಟುವ ಯೋಚನೆ. ನೀರು ಸಿಲಿಂಡರಿಗೆ ಹೋದರೆ ಪಿಸ್ಟನನ್ನು ಹಿಡಿದ ಕನೆಕ್ಟಿಂಗ್ ರಾಡ್ ಬಗ್ಗುತ್ತದೆ. ಫಿಲ್ಟರ್ ಒದ್ದೆಯಾದರೆ ಒಣಗಿಸಿ ಹಾಕಬೇಡ, ಹೊಸದೇ ಬೇಕು.

ಇಲ್ಲಿ ಅಡಿಕೆ ಸುಲಿದು ಆಗಿದೆ. ಮುಂದಿನ ವಾರ ಗಾಡಿ ತಾ, ಬದಿಯಡ್ಕಕ್ಕೆ ಕೊಂಡುಹೋಗಬೇಕು. ಬಾಡಿಗೆ ಕೊಡುತ್ತೇನೆ, ಮಾವನೆಂದು ಬೇಡ ಎನ್ನಬೇಡ.

ಇಂತು ನಿನ್ನ ಮಾವ